ಅಥೆನ್ಸಿನ ದೇಗುಲವೂ ನಮ್ಮ ಚಂಗನಾಡೂ

ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಹೊರದೇಶದಲ್ಲಿ ಉದ್ಯೋಗದಲ್ಲಿರುವ ಶಿಷ್ಯರೊಬ್ಬರು ಗ್ರೀಸ್ ದೇಶದ ಪ್ರವಾಸ ಮುಗಿಸಿ ಊರಿಗೆ ಬಂದಿದ್ದಾಗ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದರು. "ಬುದ್ಧಿ, ಅಥೆನ್ಸ್ ನಗರದ ಗುಡ್ಡದ ಮೇಲಿನ ಆ ದೊಡ್ಡ ದೇವಸ್ಥಾನವನ್ನು ನೋಡಿದೆ. ಚೀಟಿ ಕೊಂಡು ಹೋಗಬೇಕು. ಸಾವಿರಾರು ಜನ ಇದ್ದರು, ಒಬ್ಬರೂ ಕೈ ಮುಗಿಯಲಿಲ್ಲ. ಅಭ್ಯಾಸಬಲದಿಂದ ನನ್ನ ಕೈ ಮೇಲೆ ಬಂತು. ಒಳಗೆ ದೇವರೇ ಇಲ್ಲ, ಯಾರಿಗೆ ಮುಗಿಯುವುದು ಎಂದು ಇಳಿಸಿಬಿಟ್ಟೆ. ಮುಗಿಯಬೇಕಾಗಿತ್ತೇ, ಬೇಡವಾಗಿತ್ತೇ?"

ಪ್ರಶ್ನೆ ಚಿಕ್ಕದಾಗಿ ಕಂಡರೂ ವಿಷಯ ಚಿಕ್ಕದಲ್ಲ. ಭಕ್ತನಾಗಿ ಗುಡಿಗೆ ಹೋಗುವುದು ಬೇರೆ, ನೋಡುಗನಾಗಿ ಹೋಗುವುದು ಬೇರೆ ಎಂದು ನಾವೆಲ್ಲ ತಿಳಿದಿದ್ದೇವೆ. ಈ ಎರಡು ದೃಷ್ಟಿಗಳು ಒಂದನ್ನೊಂದು ಬಿಟ್ಟು ನಿಂತರೆ ಎರಡಕ್ಕೂ ನಷ್ಟ ಎಂಬುದನ್ನು ಗ್ರೀಸ್ ದೇಶದ ಇತಿಹಾಸದಿಂದ ತಿಳಿಯಬಹುದು. ಅಷ್ಟು ದೂರ ಹೋಗದೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ನಾಲ್ಕು ದಿನ ಸುತ್ತಿದರೂ ತಿಳಿಯಬಹುದು.

ಮೊದಲು ಆ ಗ್ರೀಕ್ ದೇಗುಲದ ಸಂಗತಿಯನ್ನು ನೋಡೋಣ. ಪಾರ್ಥೆನಾನ್ ಎಂಬ ಈ ದೇವಾಲಯದ ಕೆಲಸ ಕ್ರಿ.ಪೂ. 447ರಲ್ಲಿ ಆರಂಭವಾಗಿ, ಶಿಲ್ಪದ ಕೆಲಸವೂ ಸೇರಿ 432ರ ವೇಳೆಗೆ ಮುಗಿಯಿತು. ಇಕ್ಟಿನೋಸ್, ಕಲ್ಲಿಕ್ರಟೀಸ್ ಎಂಬವರು ಸ್ಥಪತಿಗಳು. ಶಿಲ್ಪಕಾರ್ಯದ ಮೇಲ್ವಿಚಾರಣೆ ಫಿಡಿಯಾಸನದು. ಮುಂದೆ ಎಂಟು, ಪಾರ್ಶ್ವಕ್ಕೆ ಹದಿನೇಳು ಅಮೃತಶಿಲೆಯ ಕಂಬಗಳು. ಒಳಗೆ ಚಿನ್ನ ಮತ್ತು ದಂತಗಳಿಂದ ಮಾಡಿದ ಅಥೀನಾ ದೇವಿಯ ಮಹಾಮೂರ್ತಿ. ನಮ್ಮವರು ಗಮನಿಸಬೇಕಾದ ಒಂದು ಭೇದವಿದೆ. ಗ್ರೀಕರ ಬಲಿಪೀಠ ಗುಡಿಯ ಒಳಗಿರದೆ ಹೊರಗೆ, ಬಯಲಿನಲ್ಲಿ ಇರುತ್ತಿತ್ತು. ಜನ ಸೇರುತ್ತಿದ್ದುದೂ, ಆಹುತಿ ನಡೆಯುತ್ತಿದ್ದುದೂ ಅಲ್ಲಿಯೇ. ಗುಡಿಯೆಂಬುದು ದೇವಿಯ ನಿವಾಸ. ಅದರ ಸೌಂದರ್ಯವೆಲ್ಲ ಬಿಸಿಲಿಗೆ ಮೈಯೊಡ್ಡಿದ ಹೊರಮೈಯಲ್ಲಿದೆ. ನಮ್ಮ ದೇವಾಲಯದಲ್ಲಿ ಮುಖಮಂಟಪದಿಂದ ನವರಂಗಕ್ಕೆ, ನವರಂಗದಿಂದ ಸುಕನಾಸಿಗೆ, ಅಲ್ಲಿಂದ ಗರ್ಭಗುಡಿಗೆ ಹೋದಂತೆ ಬೆಳಕು ಕುಗ್ಗುತ್ತ ಬಂದು, ಕೊನೆಗೆ ಒಂದು ನಂದಾದೀಪ ಉಳಿಯುತ್ತದೆ. ಅವರದು ಹೊರಗೆ ನಿಂತು ನೋಡುವ ಗುಡಿ. ನಮ್ಮದು ಒಳಕ್ಕೆ ಕರೆಯುವ ಗುಡಿ. ಪೂಜೆ ನಿಂತ ಮೇಲೂ ಗ್ರೀಕ್ ದೇಗುಲ ನೋಡುಗನಿಗೆ ಪೂರ್ಣವಾಗಿಯೇ ಕಾಣುತ್ತದೆ. ದೀಪ ಆರಿದ ನಮ್ಮ ಗುಡಿ ಮಾತ್ರ ಬಾವಲಿಗಳ ಮನೆಯಾಗುತ್ತದೆ.

ಪೂಜೆ ನಿಂತದ್ದು ಹೇಗೆ? ರೋಮನ್ ಚಕ್ರವರ್ತಿ ಥಿಯೊಡೋಸಿಯಸನು ಕ್ರಿ.ಶ. 391-392ರಲ್ಲಿ ಹಳೆಯ ದೇವತೆಗಳ ಆರಾಧನೆಯನ್ನು ನಿಷೇಧಿಸಿ ಆಜ್ಞೆಗಳನ್ನು ಹೊರಡಿಸಿದನು. ಆಮೇಲೆ ಪಾರ್ಥೆನಾನ್ ಕ್ರೈಸ್ತರ ಇಗರ್ಜಿಯಾಯಿತು. ಹದಿನೈದನೆಯ ಶತಮಾನದಲ್ಲಿ ತುರುಕರು ಅಥೆನ್ಸನ್ನು ಹಿಡಿದ ಬಳಿಕ ಮಸೀದಿಯಾಯಿತು. 1687ರಲ್ಲಿ ವೆನಿಸ್ಸಿನವರು ಮುತ್ತಿದಾಗ ಒಳಗೆ ಕೂಡಿಟ್ಟಿದ್ದ ಮದ್ದಿಗೆ ಫಿರಂಗಿ ಗುಂಡು ತಗುಲಿ ನಡುಭಾಗ ಸಿಡಿದುಹೋಯಿತು. 1801ರಿಂದ ಮುಂದೆ ಎಲ್ಗಿನ್ ಪ್ರಭುವಿನ ಕಡೆಯವರು ಶಿಲ್ಪಗಳನ್ನು ಬಿಡಿಸಿ ಇಂಗ್ಲೆಂಡಿಗೆ ಸಾಗಿಸಿದರು. 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅಷ್ಟಾಗಿ ಹೇಳದ ಇನ್ನೊಂದು ಸಂಗತಿ ಉಂಟು. ಗ್ರೀಸ್ ಸ್ವತಂತ್ರವಾದ ಮೇಲೆ ಅಲ್ಲಿಯವರೇ ಆ ಗುಡ್ಡವನ್ನು 'ಶುದ್ಧ' ಮಾಡಹೊರಟರು. ಪಾರ್ಥೆನಾನಿನೊಳಗಿದ್ದ ಸಣ್ಣ ಮಸೀದಿಯನ್ನು ತೆಗೆದರು. 1875ರಲ್ಲಿ ಮಧ್ಯಯುಗದ ಎತ್ತರದ ಗೋಪುರವೊಂದನ್ನು ಕೆಡವಿದರು. ಪ್ರಾಚೀನ ವೈಭವ ಮಾತ್ರ ಉಳಿದು, ನಡುವಿನ ಸಾವಿರ ವರ್ಷ ಬಹುಮಟ್ಟಿಗೆ ಅಳಿಸಿಹೋಯಿತು. ಅಭಿಮಾನದಿಂದಲೂ ಇತಿಹಾಸ ಕೆಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ದೇಗುಲಗಳು ಜೀವಂತವಾಗಿದ್ದ ಕಾಲದಲ್ಲೇ ಅವುಗಳನ್ನು ನೋಡಲು ಊರೂರು ಅಲೆದ ಒಬ್ಬ ಪ್ರವಾಸಿಯಿದ್ದನು. ಪೌಸೇನಿಯಸ್ ಎಂದು ಅವನ ಹೆಸರು, ಕ್ರಿ.ಶ. ಎರಡನೆಯ ಶತಮಾನದವನು. ಗ್ರೀಸ್ ದೇಶದ ವರ್ಣನೆಯನ್ನು ಹತ್ತು ಸಂಪುಟಗಳಲ್ಲಿ ಬರೆದಿಟ್ಟಿದ್ದಾನೆ. ಯಾವ ಗುಡಿಯಲ್ಲಿ ಯಾವ ಮೂರ್ತಿ, ಕಡೆದವನು ಯಾರು, ಕಟ್ಟಿಸಿದವನು ಯಾರು, ಊರಿನವರು ಹೇಳುವ ಕಥೆ ಏನು ಎಂದೆಲ್ಲ ವಿಚಾರಿಸಿ ಬರೆಯುವವನು. ಇಂದಿನ ಪುರಾತತ್ವಜ್ಞರೂ ಅವನ ಪುಸ್ತಕ ಹಿಡಿದು ನೆಲ ಅಗೆದದ್ದುಂಟು. ಆದರೆ ಎಲ್ಯೂಸಿಸ್ ಎಂಬ ಕ್ಷೇತ್ರಕ್ಕೆ ಬಂದಾಗ ಅವನ ಲೇಖನಿ ನಿಲ್ಲುತ್ತದೆ. ಪ್ರಾಕಾರದ ಒಳಗಿನದನ್ನು ಬರೆಯಕೂಡದೆಂದು ಕನಸಿನಲ್ಲಿ ತಡೆಯಾಯಿತು. ದೀಕ್ಷೆಯಿಲ್ಲದವರು ನೋಡಬಾರದ್ದನ್ನು ಕೇಳಲೂಬಾರದು ಎಂದು ಹೇಳಿ ಮುಂದಿನ ಊರಿಗೆ ನಡೆಯುತ್ತಾನೆ. ಎಲ್ಲವನ್ನೂ ಕೇಳಿ ತಿಳಿಯುವ ಕುತೂಹಲ, ಹೊಸಿಲ ಬಳಿ ನಿಲ್ಲುವ ವಿನಯ, ಇವೆರಡೂ ಒಬ್ಬನಲ್ಲೇ ಇದ್ದವು. ಅವನಿಗಿಂತ ತುಸು ಹಿಂದೆ ಬದುಕಿದ್ದ ಪ್ಲೂಟಾರ್ಕನಂತೂ ಡೆಲ್ಫಿ ಕ್ಷೇತ್ರದ ಅರ್ಚಕನೇ. ದೇವವಾಣಿಗಳು ಏಕೆ ನಿಂತುಹೋಗುತ್ತಿವೆ ಎಂದು ಅವನು ಒಂದು ಪ್ರಬಂಧವನ್ನೇ ಬರೆದನು. ಮಠಮಾನ್ಯಗಳ ಹೊಣೆ ಹೊತ್ತವರಿಗೆ ಅದು ಇಂದಿಗೂ ಓದಿನೋಡಬೇಕಾದ ಗ್ರಂಥ.

ಪೌಸೇನಿಯಸನ ಶತಮಾನದಲ್ಲೇ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಟಾಲೆಮಿಯು ತನ್ನ ಭೂಗೋಳ ಗ್ರಂಥದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಹೇಳುತ್ತ 'ಪೌನ್ನಾಟ' ಎಂಬ ಹೆಸರನ್ನು ಕೊಟ್ಟು, ಅಲ್ಲಿ ಬೆರಿಲ್ ಎಂಬ ಹಸಿರು ಛಾಯೆಯ ರತ್ನ ಸಿಗುತ್ತದೆ ಎಂದಿದ್ದಾನೆ. ಗ್ರೀಕರ 'ಬೆರಿಲ್ಲೋಸ್' ಎಂಬ ಮಾತೇ ನಮ್ಮ ವೈಡೂರ್ಯದ ಪ್ರಾಕೃತ ರೂಪದಿಂದ ಹೋದದ್ದೆಂದು ಭಾಷಾವಿದರು ಹೇಳುತ್ತಾರೆ. ಪೌನ್ನಾಟವನ್ನು ಅನೇಕ ವಿದ್ವಾಂಸರು ನಮ್ಮ ಪುನ್ನಾಟ ರಾಜ್ಯವೆಂದು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರ. ಎಂದರೆ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಪಿಲೆಯ ದಡದ ಕಿತ್ತೂರು. ಗಂಗರ ದುರ್ವಿನೀತನ ತಾಯಿ ಪುನ್ನಾಟದ ಸ್ಕಂದವರ್ಮನ ಮಗಳು. ಆ ಸಂಬಂಧದಿಂದ ಈ ನಾಡು ಗಂಗರಿಗೆ ಸೇರಿತು. ಇಲ್ಲಿನ ಹೆಸರನ್ನೇ ಹೊತ್ತ ಪುನ್ನಾಟ ಸಂಘವೆಂಬ ಜೈನ ಮುನಿಗಳ ಪರಂಪರೆ ಗುಜರಾತದವರೆಗೂ ಹಬ್ಬಿತ್ತು. ಕ್ರಿ.ಶ. 783ರಲ್ಲಿ ಸಂಸ್ಕೃತದ ಹರಿವಂಶ ಪುರಾಣವನ್ನು ಬರೆದ ಜಿನಸೇನನು ಆ ಸಂಘದವನು.

ಗ್ರೀಕ್ ಭೂಗೋಳಜ್ಞನಿಗೆ ಹೆಸರು ಗೊತ್ತಿದ್ದ ಈ ಊರನ್ನು ನೋಡಬೇಕೆಂದು ಈಗ ಹೋದವನಿಗೆ ಏನು ಕಾಣುತ್ತದೆ? ನೀರು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು. ಹಳೆಯ ಕಿತ್ತೂರಿನ ರವಿರಾಮೇಶ್ವರನ ಗುಡಿ ಆ ನೀರಿನೊಳಗಿದೆ. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ಇಳಿದಾಗ ಕೆಸರಿನ ನಡುವೆ ಗುಡಿ ತಲೆಯೆತ್ತುತ್ತದೆ. ಜನ ನೋಡಲು ಹೋಗುತ್ತಾರೆ, ಮೊದಲ ಮಳೆ ಬಿದ್ದರೆ ಮತ್ತೆ ಮುಳುಗುತ್ತದೆ. ಜಲಾಶಯ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಅದರ ನೀರುಂಡು ಬೆಳೆದ ಪೈರಿನ ಅನ್ನ ನಮ್ಮ ದಾಸೋಹಕ್ಕೂ ಬರುತ್ತದೆ. ಕಾವೇರಿಗೆ ಕಟ್ಟೆ ಕಟ್ಟಿದಾಗ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಎಷ್ಟೋ ವರ್ಷಗಳ ತರುವಾಯ ದಾನಿಗಳು ಎತ್ತಿ ಎತ್ತರದ ನೆಲದಲ್ಲಿ ನಿಲ್ಲಿಸಿದರು. ಕಿತ್ತೂರಿಗೆ ಆ ಭಾಗ್ಯ ಬರಲಿಲ್ಲ. ಆದರೂ ಒಂದು ಪುಣ್ಯದ ಕೆಲಸ ಅದಕ್ಕೂ ಮುಂಚೆಯೇ ಆಗಿತ್ತು: ಬಿ. ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚು ಹಾಕಿಸಿದ್ದರು. ರೈಸ್ ಇಲ್ಲಿಗೆ ಬಂದದ್ದು ಭಕ್ತರಾಗಿ ಅಲ್ಲ. ಆದರೂ ತಲೆತಲಾಂತರದಿಂದ ಪೂಜೆ ಮಾಡಿದವರಿಗೆ ತಿಳಿಯದಿದ್ದುದನ್ನು ಅವರು ಉಳಿಸಿದರು.

ಇನ್ನು ಕಪಿಲೆಯನ್ನು ಬಿಟ್ಟು ಕಾವೇರಿಯ ಕಡೆಗೆ ಬರೋಣ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಗೆ ಹೋಗದ ಭಕ್ತರು ನಮ್ಮಲ್ಲಿ ಕಡಮೆ. ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಸೀತೆಯು ರಾಮನ ಬಲಗಡೆಗೆ ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಸಂಕ್ರಾಂತಿಯ ಸುಮಾರಿಗೆ ಸೇರುವ ದನಗಳ ಜಾತ್ರೆಯೂ ಎಲ್ಲರಿಗೂ ಗೊತ್ತು. ಆದರೆ ಅದೇ ಸುತ್ತಿನ ಚಿಕ್ಕಹನಸೋಗೆಯಲ್ಲಿ ಬಂಡಿ ನಿಲ್ಲಿಸುವವರು ಎಷ್ಟು ಮಂದಿ? ಹಿಂದಿನ ಪನಸೋಗೆ ಇದೇ. ಇಲ್ಲಿನ ಆದಿನಾಥ ಬಸದಿ ತ್ರಿಕೂಟ. ಮೂರು ಗರ್ಭಗುಡಿಗಳಿಗೆ ಒಂದೇ ನವರಂಗ. ಬಾಗಿಲುಗಳ ಮೇಲಿನ ಶಾಸನಗಳು ದೇಶೀಗಣ ಪುಸ್ತಕಗಚ್ಛದ ಮುನಿಗಳ ಅಧಿಕಾರವನ್ನು ಹೇಳುತ್ತವೆ. ಪನಸೋಗೆಯಲ್ಲಿ 64 ಬಸದಿಗಳಿದ್ದವೆಂದೂ, ಅವುಗಳನ್ನು ಮೊದಲು ಮಾಡಿಸಿದವನು ದಶರಥನ ಮಗ ರಾಮನೆಂದೂ ಆ ಶಾಸನಗಳ ಹೇಳಿಕೆ. ರಾಮನ ಮಾತನ್ನು ಇತಿಹಾಸವೆಂದು ಯಾರೂ ಕೊಳ್ಳಬೇಕಾಗಿಲ್ಲ. ಒಂದೇ ಹೊಳೆಯ ದಡದಲ್ಲಿ ವೈಷ್ಣವರು ರಾಮ ಇಲ್ಲಿಗೆ ಬಂದನೆಂದರು, ಜೈನರೂ ರಾಮ ಇಲ್ಲಿಗೆ ಬಂದನೆಂದರು. ಅದು ಈ ನಾಡಿನ ಮನಸ್ಸಿನ ಇತಿಹಾಸ. ನಮಗೆ ಅದು ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಈ ಬಸದಿಯನ್ನು ಹನ್ನೊಂದನೆಯ ಶತಮಾನದಲ್ಲಿ, 1060ರ ಸುಮಾರಿಗೆ, ಮತ್ತೆ ಕಟ್ಟಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಹೆಸರಿನಲ್ಲಿಯೇ ಒಂದು ಚರಿತ್ರೆ ಅಡಗಿದೆ. ಚಂಗಾಳ್ವರು ಚಂಗನಾಡಿನ, ಎಂದರೆ ಇಂದಿನ ಹುಣಸೂರು, ಪಿರಿಯಾಪಟ್ಟಣ ಮತ್ತು ಕೊಡಗಿನ ಒಂದು ಭಾಗದ ಅರಸರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳ ರಾಜರಾಜನ ಸೇನೆ ಪನಸೋಗೆಯ ಕಾಳಗದಲ್ಲಿ ಅವರನ್ನು ಸೋಲಿಸಿತು. ಅಂದಿನಿಂದ ಚಂಗಾಳ್ವರು ಗೆದ್ದವರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳತೊಡಗಿದರು. ಸೋತು ಅಧೀನನಾದ ಅರಸ, ಕಾಳಗ ನಡೆದ ಅದೇ ಊರಿನಲ್ಲಿ, ಶೈವ ಚಕ್ರವರ್ತಿಯ ಹೆಸರನ್ನು ಹೊತ್ತುಕೊಂಡು ಜಿನಾಲಯವನ್ನು ಕಟ್ಟಿಸುತ್ತಾನೆ. ಇಂಥ ಸಂಗತಿಯನ್ನು ಗರ್ಭಗುಡಿಯ ದೇವರಿಗಿಂತ ಬಾಗಿಲವಾಡ ಚೆನ್ನಾಗಿ ಹೇಳುತ್ತದೆ. ನೋಡುಗನು ಅಲ್ಲಿ ತುಸು ಹೊತ್ತು ನಿಲ್ಲಬೇಕು.

ಆರಂಭದಲ್ಲಿ ಜೈನರಾಗಿದ್ದ ಈ ವಂಶ ಮುಂದೆ ಶೈವವಾಗಿ, ಕಡೆಗೆ ವೀರಶೈವವಾಯಿತು. ಅವರ ಕುಲದೈವ ಅನ್ನದಾನಿ ಮಲ್ಲಿಕಾರ್ಜುನ. ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದ ಶಿಖರದಲ್ಲಿ ಈಗ ಸಿಡಿಲು ಮಲ್ಲಿಕಾರ್ಜುನನೆಂದು ನಾವು ಪೂಜಿಸುವ ಸ್ವಾಮಿಯೇ ಆತ. ಲಿಂಗದ ಮೇಲೆ ಸಿಡಿಲು ಎರಗುವುದೆಂಬ ಐತಿಹ್ಯದಿಂದ ಆ ಹೆಸರು. ಮೂರು ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಿ ಹೋಗುವಾಗ ಏದುಸಿರು ಬಿಡದವರಿಲ್ಲ. ಹತ್ತಿದ ಮೇಲೆ ಬೀಸುವ ಗಾಳಿಗೆ ಶ್ರಮವೆಲ್ಲ ಮರೆತುಹೋಗುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಕೊಡಗಿನ ಬೆಟ್ಟಗಳ ಸಾಲು. 1607ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನು ಹುಣಸೂರು ಕಡೆಯ ಮಲಲವಾಡಿ ಸೀಮೆಯನ್ನು ಚಂಗಾಳ್ವ ಪಿರಿಯರಾಜ ರುದ್ರಗಣನಿಗೆ ಕೊಟ್ಟದ್ದು ಈ ಅನ್ನದಾನಿ ಮಲ್ಲಿಕಾರ್ಜುನನ ಸೇವೆಗಾಗಿ. ಸಿಂಗಪಟ್ಟಣವೆಂಬ ಊರನ್ನು ಮತ್ತೆ ಕಟ್ಟಿ ತನ್ನ ಹೆಸರಿನಿಂದ ಪಿರಿಯಾಪಟ್ಟಣವೆಂದು ಕರೆದವನೂ ಅವನೇ. ನಲವತ್ತು ವರ್ಷ ಕಳೆಯುವುದರೊಳಗೆ, 1644ರ ಸುಮಾರಿಗೆ, ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯ ಪಿರಿಯಾಪಟ್ಟಣವನ್ನು ಹಿಡಿಯಿತು. ಕೊನೆಯ ಅರಸ ವೀರರಾಜಯ್ಯನು ಇನ್ನು ಉಳಿಗಾಲವಿಲ್ಲವೆಂದು ಕಂಡು, ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಶತ್ರುಗಳ ನಡುವೆ ನುಗ್ಗಿ ಸತ್ತನೆಂದು ರೈಸ್ ಬರೆದಿದ್ದಾರೆ. ಅರಸು ಹೋಯಿತು. ಮಲ್ಲಿಕಾರ್ಜುನನಿಗೆ ಮಾತ್ರ ದೀಪಾವಳಿಯ ಉತ್ಸವ ತಪ್ಪಲಿಲ್ಲ. ದೀವಟಿಗೆಗಳ ಬೆಳಕಿನಲ್ಲಿ ಊರೂರಿನ ಜನ ಇಂದಿಗೂ ಸೇರುತ್ತಾರೆ.

ವೀರಶೈವರಾದ ಚಂಗಾಳ್ವರು ಜೈನರನ್ನು ಹೊರಗಿಡಲಿಲ್ಲವೆಂಬುದನ್ನು ನಮ್ಮ ಭಕ್ತರು ವಿಶೇಷವಾಗಿ ಗಮನಿಸಬೇಕು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಚಂಗಾಳ್ವರ ಮಂತ್ರಿಗಳ ವಂಶದವನು, ಜೈನ ಕವಿ. 'ಸಮ್ಯಕ್ತ್ವ ಕೌಮುದಿ'ಯನ್ನು 1508ರ ಸುಮಾರಿಗೆ ಬರೆದನು. 'ನೇಮಿಜಿನೇಶ ಸಂಗತಿ', 'ಜಯನೃಪ ಕಾವ್ಯ'ಗಳೂ ಅವನವೇ. ಅಡಿಗೆಯ ಮೇಲೆ 'ಸೂಪಶಾಸ್ತ್ರ'ವನ್ನೂ ಬರೆದಿದ್ದಾನೆ. ಅನ್ನದಾನಿಯ ನಾಡಿನಲ್ಲಿ ಅದೂ ಉಚಿತವೇ! ಅದೇ ಸೀಮೆಯ ಬಿಳಿಕೆರೆಯ ಹತ್ತಿರ ಬಂಡೆಯ ಮೇಲೆ ನಿಂತಿರುವ ಗೊಮ್ಮಟನು ಬಹುಕಾಲ ಕೇಳುವವರಿಲ್ಲದೆ ಇದ್ದು, ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಮಸ್ತಕಾಭಿಷೇಕವನ್ನು ಮತ್ತೆ ಪಡೆಯುತ್ತಿದ್ದಾನೆ. ಅಥೀನಾ ದೇವಿಗೆ ಆಗದ್ದು ಗೊಮ್ಮಟಗಿರಿಯಲ್ಲಿ ಆಯಿತು.

ಇಷ್ಟೆಲ್ಲ ಕಲ್ಲಿನ ಮಾತಾಯಿತು. ಕಾವೇರಿಯ ದಡದ ಕಪ್ಪಡಿಗೆ ಬಂದರೆ ಕಲೆಯ ಪುಸ್ತಕಕ್ಕೆ ಬೇಕಾದದ್ದು ಹೆಚ್ಚೇನೂ ಸಿಗದು. ಮಂಟೇಸ್ವಾಮಿಯವರ ಪರಂಪರೆಯ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆಗಳು ಅಲ್ಲಿವೆ. ಶಿವರಾತ್ರಿಯ ಜಾತ್ರೆಯ ಕಾಲದಲ್ಲಿ ಬಯಲಿನಲ್ಲಿ ಒಲೆ ಹೂಡಿಕೊಂಡು ಕುಳಿತ ಒಕ್ಕಲುಗಳನ್ನೂ, ರಾತ್ರಿಯಿಡೀ ಕಥೆ ಹಾಡುವ ನೀಲಗಾರರನ್ನೂ ನೋಡಿದವರಿಗೆ, ಪಾರ್ಥೆನಾನಿನಲ್ಲಿ ಏನು ಇಲ್ಲವೆಂಬುದು ತಾನೇ ತಿಳಿಯುತ್ತದೆ. ಅಲ್ಲಿ ಗುಡಿಯಿದೆ, ಭಕ್ತನಿಲ್ಲ. ಇಲ್ಲಿ ಭಕ್ತರಿದ್ದಾರೆ, ಗುಡಿ ಎಷ್ಟು ಚಿಕ್ಕದಾದರೂ ಅವರಿಗೆ ಕೊರತೆಯಿಲ್ಲ.

ಹಾಗಾದರೆ ಕರಸ್ಥಲದಲ್ಲಿ ಇಷ್ಟಲಿಂಗವುಳ್ಳ ನಮಗೆ ಹಳೆಯ ಕಲ್ಲಿನ ಗುಡಿಗಳಿಂದ ಆಗಬೇಕಾದ್ದೇನು ಎಂದು ಕೆಲವು ತರುಣರು ವಾದಿಸುವುದುಂಟು. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಶರಣರು ಹೇಳಿದ್ದು ನಿಜ. ಆ ಶರಣರ ಚರಿತ್ರೆಗೇ ಸಾಕ್ಷಿ ಬೇಕಾದಾಗ ಒದಗಿದ್ದು ಯಾವುದು? ಬಸವಣ್ಣನವರ ವಿಷಯದಲ್ಲಿ ಫ್ಲೀಟ್ ಮೊದಲಾದ ವಿದ್ವಾಂಸರು ಸಂದೇಹಗಳನ್ನು ಎತ್ತಿದ್ದರು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಿಲಾಶಾಸನವು ಸಂಗನಬಸವನ ಹೆಸರನ್ನು ವಂಶಸಮೇತ ಹೇಳಿ ಆ ಚರ್ಚೆಗೆ ಬೇರೆ ದಾರಿ ತೋರಿತು. ಒಂದು ಕಲ್ಲು! ಅದನ್ನು ಯಾರಾದರೂ ಬಟ್ಟೆ ಒಗೆಯಲು ಹಾಸಿಕೊಂಡಿದ್ದರೆ, ಇಲ್ಲವೇ ಭಕ್ತಿಯ ಭರದಲ್ಲಿ ಗಾರೆ ಬಳಿದಿದ್ದರೆ, ನಮ್ಮ ಗತಿಯೇನಾಗುತ್ತಿತ್ತು?

ಈ ಮಾತನ್ನು ಸುಮ್ಮನೆ ಆಡುತ್ತಿಲ್ಲ. ಜೀರ್ಣೋದ್ಧಾರದ ಶಂಕುಸ್ಥಾಪನೆಗೆಂದು ಭಕ್ತರು ನಮ್ಮನ್ನು ಊರೂರಿಗೆ ಕರೆಯುತ್ತಾರೆ. ಅವರ ಶ್ರದ್ಧೆ ದೊಡ್ಡದು. ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣವನ್ನು ತಂದು ಸುರಿಯುತ್ತಾರೆ. ಆದರೆ ಹೋಗಿ ನೋಡಿದರೆ ಹಳೆಯ ಕಂಬಗಳಿಗೆ ಬಣ್ಣದ ಲೇಪ, ನವರಂಗದ ನೆಲಕ್ಕೆ ನುಣುಪು ಹಾಸುಗಲ್ಲು, ಭಿತ್ತಿಗೆ ಸ್ನಾನದ ಮನೆಗೆ ಹಚ್ಚುವಂಥ ಬಿಲ್ಲೆಗಳು. ಅಕ್ಷರಗಳಿದ್ದ ಕಲ್ಲು ಎಲ್ಲಿ ಎಂದು ಕೇಳಿದರೆ, "ಪಾಯಕ್ಕೆ ಹಾಕಿದೆವು ಬುದ್ಧಿ, ಗಟ್ಟಿ ಕಲ್ಲು" ಎನ್ನುತ್ತಾರೆ. ಅಥೆನ್ಸಿನವರು ಹಳೆಯದನ್ನು ಇನ್ನೂ ಹಳೆಯದು ಮಾಡಲು ಹೋಗಿ ನಡುವಿನ ಪುಟಗಳನ್ನು ಹರಿದರು. ನಾವು ಹೊಸದು ಮಾಡಲು ಹೋಗಿ ಮೊದಲ ಪುಟಗಳನ್ನು ಹರಿಯುತ್ತಿದ್ದೇವೆ. ಸೋರುವ ಮಾಳಿಗೆಯನ್ನು ಸರಿಪಡಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ಪೂಜೆ ನಡೆಯುವ ಗುಡಿ ಬದುಕಿರುವ ಮನೆ; ಅದರಲ್ಲಿ ದುರಸ್ತಿ ಇದ್ದೇ ಇರುತ್ತದೆ. ತಾತಂದಿರ ಹಸ್ತಾಕ್ಷರವನ್ನು ಅಳಿಸಿ ಮನೆಗೆ ಸುಣ್ಣ ಹೊಡೆಯಬೇಕಾಗಿಲ್ಲ, ಅಷ್ಟೆ.

ಶಿಷ್ಯರಿಗೆ ನಾವು ಕೊಟ್ಟ ಉತ್ತರ ಇದು: ಕೈ ಮುಗಿಯಬೇಕಾಗಿತ್ತು. ಅಥೀನಾ ದೇವಿಯನ್ನು ಒಪ್ಪಬೇಕೆಂದಲ್ಲ. ಸುಮಾರು ಎಂಟುನೂರು ವರ್ಷ ಜನ ತಮ್ಮ ಸುಖದುಃಖಗಳನ್ನು ಹೊತ್ತು ಹತ್ತಿಬಂದ ಗುಡ್ಡ ಅದು. ಚಿಕ್ಕಹನಸೋಗೆಯ ಬಸದಿಯಲ್ಲಿಯೂ ನಾವು ಕೈ ಮುಗಿಯುತ್ತೇವೆ, ಆಮೇಲೆ ಬಾಗಿಲವಾಡದ ಅಕ್ಷರಗಳನ್ನು ಓದಲು ಕನ್ನಡಕ ಹಾಕಿಕೊಳ್ಳುತ್ತೇವೆ. ಒಂದನ್ನು ಮಾಡಿದವನು ಇನ್ನೊಂದನ್ನು ಬಿಡಬೇಕೆಂದು ಯಾವ ಆಗಮದಲ್ಲಿಯೂ ಹೇಳಿಲ್ಲ.

ಜೀರ್ಣೋದ್ಧಾರಕ್ಕೆ ಕೈಹಾಕುವ ಗ್ರಾಮದ ಹಿರಿಯರಲ್ಲಿ ನಮ್ಮ ಸೂಚನೆಯಿಷ್ಟು. ಕೆಲಸ ಆರಂಭಿಸುವ ಮುನ್ನ ಗುಡಿಯ ಒಳಹೊರಗಿನ ಛಾಯಾಚಿತ್ರಗಳನ್ನು ತೆಗೆಸಿಡಿ. ಅಕ್ಷರವಿರುವ ಕಲ್ಲನ್ನು, ಒಡೆದದ್ದಾದರೂ, ಒಂದು ಕಡೆ ನಿಲ್ಲಿಸಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಛೇರಿ ನಮ್ಮ ಮೈಸೂರಿನಲ್ಲೇ ಇದೆ. ರಾಜ್ಯದ ಪುರಾತತ್ವ ಇಲಾಖೆಯೂ ಅಲ್ಲಿದೆ. ಒಂದು ಕಾಗದ ಬರೆಯಿರಿ. ಬಂದವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರಗಳ ತಗ್ಗಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿಯ ಗಂಟನ್ನು ತಟ್ಟುತ್ತಾರೆ. ಕಾಗದ ಒಣಗಿದಾಗ ಕಪ್ಪಿನ ನಡುವೆ ಅಕ್ಷರಗಳು ಬಿಳಿದಾಗಿ ಏಳುತ್ತವೆ. ಶಾಲೆಯ ಹುಡುಗರನ್ನು ಕರೆತಂದು ತೋರಿಸಿ. ಆ ಹೊತ್ತಿಗೆ ಗುಡಿಯ ಅಂಗಳದಲ್ಲಿ ಒಂದು ಪಂಕ್ತಿ ಪ್ರಸಾದವೂ ಆದರೆ ನಮ್ಮದೇನೂ ಅಭ್ಯಂತರವಿಲ್ಲ.